ಹನ್ನೊಂದು ಹೆಬ್ಬೆಟ್ಟು

ಪುಸ್ತಕವನ್ನು ಮಖಮಲ್ಲಿನಲ್ಲಿ ಸುತ್ತಿ ತಂದಿದ್ದರು. ಬಟ್ಟೆ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಮಾತ್ರ ಹಳೆಯ ದಿಂಬಿನ ವಾಸನೆ: ತಲೆಯೆಣ್ಣೆ, ಜೊಲ್ಲು, ಮುಗ್ಗು.

“ನೂರ ಇಪ್ಪತ್ತು ವರ್ಷದ್ದು, ಹುಷಾರಮ್ಮಾ,” ಎಂದರು ವಕೀಲರು. ಅವರ ಹಿಂದೆ ಪ್ರಾರ್ಥನಾ ಮನೆಯ ಸಮಿತಿಯ ಇಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರ ಹಾಗೆ.

ಬೈಂಡರಮ್ಮ ಕೈ ಒರೆಸಿಕೊಂಡು ಪುಸ್ತಕವನ್ನು ತೆಗೆದುಕೊಂಡಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಹಾಗೆಯೇ. ಅಪ್ಪನ ಕಾಲದಿಂದ ಬಂದ ಪುಸ್ತಕ ಕಟ್ಟುವ ಕೆಲಸ. ಸ್ಟೇಷನರಿ ಅಂಗಡಿಯ ಹಿಂದಿನ ಒಂದೇ ಕೋಣೆ. ಒಳಗೆ ಕಬ್ಬಿಣದ ಪ್ರೆಸ್ಸು, ಕಾಗದ ಕತ್ತರಿಸುವ ಯಂತ್ರ, ಒಲೆಯ ಮೇಲೆ ಸದಾ ಮೈದಾ ಅಂಟಿನ ಪಾತ್ರೆ. ಐವತ್ತೆರಡು ವರ್ಷದ ಅವಳು ಮದುವೆಯಾಗಿರಲಿಲ್ಲ. ಕೇಳಿದವರಿಗೆ, “ನನ್ನ ಕೈಯೆಲ್ಲ ಅಂಟು, ಹಿಡಿದವನು ಬಿಡಿಸಿಕೊಳ್ಳೋಕಾಗಲ್ಲ ಅಂತ ಯಾರೂ ಬರಲಿಲ್ಲ,” ಎನ್ನುತ್ತಿದ್ದಳು. ಮನೆಯಲ್ಲಿ ಇದ್ದವರು ಅವಳು ಮತ್ತು ಎಪ್ಪತ್ತೊಂಬತ್ತರ ಅಮ್ಮ.

ಆ ಪುಸ್ತಕ ಅವರ ಪ್ರಾರ್ಥನಾ ಮನೆಯ ಜೀವ. ನೂರ ಇಪ್ಪತ್ತು ವರ್ಷದ ಹಿಂದೆ ಕಲ್ಲುಗಣಿಯಲ್ಲಿ ಬಂಡೆ ಜಾರಿ ಒಬ್ಬ ಕಲ್ಲುಕುಟಿಗ ಅದರ ಅಡಿಗೆ ಸಿಕ್ಕಿಕೊಂಡನಂತೆ. ಮಟಮಟ ಮಧ್ಯಾಹ್ನ, ಹನ್ನೊಂದು ಜನ ಕೆಲಸಗಾರರ ಕಣ್ಣೆದುರೇ ಬಂಡೆ ತಾನಾಗಿ ಎದ್ದು ನಿಂತಿತಂತೆ. ಬದುಕಿ ಬಂದವನು ದೇವರ ಮಾತು ಹೇಳತೊಡಗಿದ. ಅವನೇ ಇವರ ಕುಟಿಗಜ್ಜ. ಅವನ ಮಾತುಗಳನ್ನು ಯಾರೋ ಬರೆದಿಟ್ಟರು. ಕೊನೆಯ ಹಾಳೆಯಲ್ಲಿ, ‘ನಾವು ಕಣ್ಣಾರೆ ಕಂಡೆವು’ ಎಂಬ ಒಂದು ಸಾಲು, ಅದರ ಕೆಳಗೆ ಹನ್ನೊಂದು ಜನರ ಹೆಬ್ಬೆಟ್ಟು. ಹದಿನಾರು ತುಂಬಿದ ಪ್ರತಿಯೊಬ್ಬರೂ ಆ ಹಾಳೆಗೆ ಮುತ್ತಿಟ್ಟೇ ಸಭೆಗೆ ಸೇರಬೇಕು.

ಪ್ರಾರ್ಥನಾ ಮನೆಯ ಹಿರಿಯರಾದ ವಕೀಲರು ವಾರವಾರವೂ ಒಂದು ಮಾತು ಹೇಳುತ್ತಿದ್ದರು: “ಬೇರೆಯವರದ್ದು ಕಥೆ. ನಮ್ಮದು ದಾಖಲೆ.”

ಆ ಮಾತು ಬೈಂಡರಮ್ಮನಿಗೆ ಬಲು ಇಷ್ಟ. ಕಾಗದ, ಮಸಿ, ಹೊಲಿಗೆ ಇವುಗಳ ಮೇಲೆ ಅವಳಿಗಿದ್ದ ನಂಬಿಕೆ ಮನುಷ್ಯರ ಮೇಲಿರಲಿಲ್ಲ. ಪ್ರಾರ್ಥನೆಯ ನಡುವೆ ತೂಗಾಡುವವರನ್ನು, ‘ನನಗೆ ಕಾಣಿಸಿತು, ನನಗೆ ಕೇಳಿಸಿತು’ ಎಂದು ಅಳುವವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಕಾಣಿಸುವುದಕ್ಕೇನು, ಜ್ವರ ಬಂದರೂ ಕಾಣಿಸುತ್ತದೆ. ಹನ್ನೊಂದು ಜನ ಒಟ್ಟಿಗೆ ಕಂಡು ಒತ್ತಿದ ಗುರುತು ಬೇರೆ.

ಮುಂದಿನ ತಿಂಗಳು ನೂರ ಇಪ್ಪತ್ತನೆಯ ವರ್ಷದ ಸಭೆ. ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಲ್ಲರಿಗೂ ತೋರಿಸಬೇಕು. ಅದಕ್ಕೇ ಈ ರಿಪೇರಿ.

ಕೊನೆಯ ಹಾಳೆಯನ್ನು ಅವಳು ಕೊನೆಗೆಂದೇ ಉಳಿಸಿಕೊಂಡಳು. ರಬ್ಬರಿನ ಪುಡಿ ಉದುರಿಸಿ ಮೆತ್ತಗೆ ಉಜ್ಜಿದಳು. ಆಮೇಲೆ ತೇವ ಹಿಂಡಿದ ಹತ್ತಿಯಿಂದ ಚುಕ್ಕೆ ಚುಕ್ಕೆಯಾಗಿ ಒತ್ತಿ ತೆಗೆದಳು. ಹತ್ತಿಯ ಉಂಡೆಗಳು ಕಂದಾಗಿ, ಕಪ್ಪಾಗಿ, ಜಿಡ್ಡಾಗಿ ಬುಟ್ಟಿ ತುಂಬಿದವು. ಅದು ಧೂಳಲ್ಲ, ಹೊಗೆಯಲ್ಲ. ನಾಲ್ಕು ತಲೆಮಾರಿನ ತುಟಿ. ಒಂದು ಕಡೆ ಯಾರದೋ ಮೀಸೆಯ ಕೂದಲೂ ಅಂಟಿಕೊಂಡಿತ್ತು. ಅವಳು ಚಿಮಟದಿಂದ ಕಿತ್ತು, ಮುಖ ಕಿವಿಚಿ, ಕಸದ ಬುಟ್ಟಿಗೆ ಹಾಕಿದಳು.

ಮೊದಲ ಹೆಬ್ಬೆಟ್ಟು ತಿಳಿಯಾಯಿತು. ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿಯ ಗೀಟು. ಗಾಯದ ಕಲೆ. ಪಾಪ, ಉಳಿ ಜಾರಿರಬೇಕು ಎಂದುಕೊಂಡಳು. ಎರಡನೆಯದರಲ್ಲೂ ಗೀಟು. ಕಲ್ಲಿನ ಕೆಲಸ, ಇಬ್ಬರಿಗೂ ಪೆಟ್ಟಾಗಿರಬಹುದು. ಮೂರನೆಯದರಲ್ಲೂ ಅದೇ ಓರೆ, ಅದೇ ಉದ್ದ, ತುದಿಯಲ್ಲಿ ಅದೇ ಸಣ್ಣ ಕೊಕ್ಕೆ. ಐದನೆಯದಕ್ಕೆ ಬರುವಷ್ಟರಲ್ಲಿ ಅವಳು ಕರುಣೆ ಬಿಟ್ಟು ಎಣಿಸತೊಡಗಿದ್ದಳು.

ಹನ್ನೊಂದೂ ಒಂದೇ ಬೆರಳು.

ಭೂತಗನ್ನಡಿ ಹಿಡಿದು ಮತ್ತೆ ನೋಡಿದಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಳಿದ ಹಾಳೆಗಳು ಕೈಯಿಂದ ಮಾಡಿದ ದಪ್ಪ ಕಾಗದ, ದಾರದಿಂದ ಹೊಲಿದವು. ಇದು ಯಂತ್ರದ ಕಾಗದ. ಮಕ್ಕಳ ಬರೆಯುವ ಪುಸ್ತಕದಂತೆ ಮಾಸಿದ ನೀಲಿ ಗೆರೆ, ಅಂಚಿಗೆ ಅಂಟು ಸವರಿ ಆಮೇಲೆ ಸೇರಿಸಿದ್ದು. ಇಷ್ಟು ದಿನ ಕೊಳೆಯೇ ಅದನ್ನು ಕಾಪಾಡಿತ್ತು.

ಯಾರೋ ಒಬ್ಬ, ಯಾವುದೋ ಕೋಣೆಯಲ್ಲಿ ಕೂತು, ಬೆರಳನ್ನು ಮಸಿಗೆ ಅದ್ದಿ ಅದ್ದಿ ಹನ್ನೊಂದು ಸಲ ಒತ್ತಿದ್ದ. ಬೇರೆ ಬೇರೆಯವರದೆಂದು ಕಾಣಲೆಂದು ಒಂದೊಂದು ಸಲವೂ ಬೆರಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿದ್ದ. ಒಂದಕ್ಕೆ ಮೆಲ್ಲಗೆ, ಒಂದಕ್ಕೆ ಅದುಮಿ. ಸುಳ್ಳಿಗಿಂತ ಆ ಅಚ್ಚುಕಟ್ಟುತನವೇ ಅವಳಿಗೆ ಹೆಚ್ಚು ಹೇಸಿಗೆ ಎನ್ನಿಸಿತು. ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ತುಟಿ ತೊಳೆದುಕೊಂಡಳು. ಮುತ್ತಿಟ್ಟು ಮೂವತ್ತಾರು ವರ್ಷವಾಗಿತ್ತು.

ಮರುದಿನ ಬೆಳಗ್ಗೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ವಕೀಲರ ಆಫೀಸಿಗೆ ಹೋದಳು. ಗೋಡೆಯ ತುಂಬ ಕಾನೂನಿನ ಪುಸ್ತಕಗಳು. ಅರ್ಧದಷ್ಟಕ್ಕೆ ರಟ್ಟು ಹಾಕಿದವಳು ಅವಳೇ. ವಕೀಲರು ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿದರು. ಅವರ ಮುಖ ಬಿಳಿಚಿಕೊಳ್ಳಬಹುದು, ಅವರು ಅಳಬಹುದು, ತನ್ನ ಮೇಲೆ ರೇಗಲೂಬಹುದು ಎಂದು ಅವಳು ಎಣಿಸಿದ್ದಳು.

“ಯಾರಾದ್ರೂ ನೋಡಿದ್ರಾ?” ಎಂದರು.

“ಇಲ್ಲ ಸರ್.”

“ನಿಮ್ಮಮ್ಮ?”

“ಇಲ್ಲ.”

“ಹಾಗಾದ್ರೆ ಪರವಾಗಿಲ್ಲ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮಾ, ಹೆಬ್ಬೆಟ್ಟು ಅನ್ನೋದು ನಡೆಯೋಕೆ ಬಾರದ ಮಕ್ಕಳಿಗೆ ಕೊಡೋ ತಳ್ಳುಗಾಡಿ. ನಿಜವಾದ ನಂಬಿಕೆ ಒಳಗಿಂದ ಬರುತ್ತೆ. ಅನುಭವ. ಅದಕ್ಕೆ ಯಾವ ಕಾಗದಾನೂ ಬೇಡ.”

ಅವಳಿಗೆ ಕಿವಿಯನ್ನೇ ನಂಬಲಾಗಲಿಲ್ಲ. “ಮೂವತ್ತು ವರ್ಷದಿಂದ ದಾಖಲೆ, ದಾಖಲೆ ಅಂತ ಬಾಯಿ ಬಡ್ಕೊಂಡಿದ್ದು ನೀವೇ ಅಲ್ವಾ ಸರ್?”

“ಹೌದು. ಆವಾಗ ಆ ವಾದ, ಈವಾಗ ಈ ವಾದ.” ಅವರು ನಕ್ಕರು. ಊಸರವಳ್ಳಿಗಾದರೂ ಬಣ್ಣ ಬದಲಿಸಲು ಒಂದು ಗಳಿಗೆ ಬೇಕು.

ಆಗ ಅವಳು ಆಡಬಾರದ ಮಾತಾಡಿದಳು. ವಾದದಲ್ಲಿ ಗೆಲ್ಲುವ ಹಟವೋ, ಕಾಲ ಕೆಳಗಿನ ನೆಲ ಕುಸಿದ ಗಾಬರಿಯೋ. “ಹಾಗಿದ್ರೆ ಅದನ್ನೇ ಜನಕ್ಕೆ ಹೇಳಿ. ಈ ಹಾಳೆ ಕಿತ್ತು ಹಾಕಿ, ಇದು ಸುಳ್ಳು ಅಂತ ಹೇಳಿ. ನಂಬೋರು ಹೇಗಿದ್ರೂ ನಂಬ್ತಾರೆ. ನಮ್ಮಮ್ಮ ಇಲ್ವಾ? ಅವಳು ಈ ಹೆಬ್ಬೆಟ್ಟು ನೆಚ್ಕೊಂಡು ಯಾವತ್ತೂ ನಂಬಿಲ್ಲ,” ಎಂದು ಅಮ್ಮನ ಸಂಗತಿ ಹೇಳಿಬಿಟ್ಟಳು.

ಸಂಗತಿ ಇಷ್ಟೇ. ಬೈಂಡರಮ್ಮನಿಗೊಬ್ಬ ತಮ್ಮನಿದ್ದ. ನಾಲ್ಕು ವರ್ಷದವನು ಜ್ವರದಲ್ಲಿ ಹೋದ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನಿಂದ ನಿಂತೇ ಇದ್ದಳು. ಕೂತರೆ ಮಗು ನರಳುತ್ತಿತ್ತು. ಮಧ್ಯಾಹ್ನ ಯಾವುದೋ ಹೊತ್ತಿಗೆ ಅವಳ ಕಿವಿಯ ಹತ್ತಿರ ಯಾರೋ, “ನಾನು ಎತ್ಕೊಂಡಿದೀನಿ. ನೀನು ಸ್ವಲ್ಪ ಕೂತ್ಕೊ,” ಎಂದರು. ಸುತ್ತ ಯಾರೂ ಇರಲಿಲ್ಲ. ಅಮ್ಮ ಕೂತಳು. ಮಗು ನರಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಹೋಗಿಬಿಟ್ಟಿತ್ತು. ಆ ಒಂದು ಮಾತನ್ನು ಹಿಡಿದುಕೊಂಡು ಅಮ್ಮ ನಲವತ್ತೈದು ವರ್ಷ ಬದುಕಿದ್ದಳು. ಮಗಳಿಗೆ ಹೇಳಿದ್ದು ಒಂದೇ ಸಲ, ಅಪ್ಪ ತೀರಿಕೊಂಡ ವಾರ.

ಹೇಳಿ ಮುಗಿಸಿ ತಲೆಯೆತ್ತಿದಾಗ ವಕೀಲರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

“ಯಾವ ವರ್ಷ ಅಂದೆ?”

ಎರಡು ದಿನ ಬಿಟ್ಟು ವಕೀಲರು ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದರು. ಬೈಂಡರಮ್ಮ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡೇ ಬಂದಿದ್ದರು. ಅಮ್ಮ ದೊಡ್ಡವರ ಮಾತು ಮೀರುವವಳಲ್ಲ. ಹಿರಿಯರು ಮನೆ ಬಾಗಿಲಿಗೆ ಬಂದು ಕೈಮುಗಿದರೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಆ ವಾರದ ಸಭೆಯಲ್ಲಿ ಮಗಳು ನೋಡುತ್ತಾಳೆ, ಅಮ್ಮ ವೇದಿಕೆಯ ಮೇಲೆ, ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾದವಳಂತೆ ಕೂತಿದ್ದಾಳೆ. ಬಾಯಿಗೆ ತಾಗುವಷ್ಟು ಹತ್ತಿರ ಮೈಕು.

“ಹೊಸ ಹನ್ನೊಂದು ಸಾಕ್ಷಿಗಳು,” ಎಂದು ವಕೀಲರು ಘೋಷಿಸಿದರು. “ಕಾಗದದ ಸಾಕ್ಷಿ ಅಲ್ಲ, ಉಸಿರಾಡೋ ಸಾಕ್ಷಿ!” ಪ್ರಶ್ನೆಗಳನ್ನು ಮೊದಲೇ ಅಚ್ಚು ಹಾಕಿಸಿದ್ದರು. ಯಾವ ದಿನ, ಎಷ್ಟು ಗಂಟೆ, ಗಂಡು ದನಿಯೋ ಹೆಣ್ಣು ದನಿಯೋ.

“ಗಂಟೆ ಗೊತ್ತಿಲ್ಲ,” ಎಂದಳು ಅಮ್ಮ.

“ಸುಮಾರು ಮೂರು ಅಂತ ಇಟ್ಕೊಳ್ಳೋಣ. ದನಿ ಯಾರದು ತಾಯಿ?”

“ಯಾರದೋ. ಗೊತ್ತಾಗಲಿಲ್ಲ.”

“ವಯಸ್ಸಾದೋರ ದನಿ?”

“ಇರಬಹುದು.”

“ಕುಟಿಗಜ್ಜನ ದನಿ!” ಎಂದು ವಕೀಲರು ಸಭೆಗೆ ತಿರುಗಿದರು. ಸಭೆ ಹೋ ಎಂದಿತು. ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೈಕು ಮುಂದಿನವನ ಕೈಗೆ ಹೋಗಿತ್ತು. ಅವನು ಮಾಂಸದಂಗಡಿಯವನು, ತನ್ನ ತಕ್ಕಡಿ ಒಂದು ದಿನ ತಾನಾಗಿ ಮಾತಾಡಿತೆಂದ. ಅವನ ನಂತರದವಳಿಗೆ ಕುಟಿಗಜ್ಜ ಅಳಿಯನ ವರ್ಗಾವಣೆಯ ಬಗ್ಗೆ ಸಲಹೆ ಕೊಟ್ಟಿದ್ದ. ತಮ್ಮನ ಸಾವು ಇವೆರಡರ ಜೊತೆ ಒಂದೇ ಪಟ್ಟಿಯಲ್ಲಿ ಕೂತಿತು.

ಆಮೇಲೆ ನೇರಳೆ ಮಸಿಯ ಡಬ್ಬಿ ಬಂತು.

“ನಂಗೆ ಸಹಿ ಮಾಡೋಕೆ ಬರುತ್ತೆ,” ಎಂದಳು ಅಮ್ಮ. ವಕೀಲರು ಮುಗುಳ್ನಗುತ್ತ ಅವಳ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ, ಹೊಸ ಹಾಳೆಗೆ ಒತ್ತಿದರು. ಮುದಿ ಬೆರಳು, ಸರಿಯಾಗಿ ಮೂಡಲಿಲ್ಲ. ಎರಡು ಸಲ ಒತ್ತಿದರು. ಕೆಳಗಿಳಿಯುವಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಆ ಹೆಬ್ಬೆರಳನ್ನೇ ಎಳೆದು ಲೊಚಲೊಚನೆ ಮುತ್ತಿಟ್ಟಳು. ಅವಳ ತುಟಿ ನೇರಳೆಯಾಯಿತು. ಬೈಂಡರಮ್ಮ ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತಳು.

ಮನೆಗೆ ಬಂದ ಅಮ್ಮ ಮೊದಲು ಮಾಡಿದ ಕೆಲಸ ನಿಂಬೆಹೋಳಿನಿಂದ ಬೆರಳು ಉಜ್ಜಿದ್ದು. ಉಗುರಿನ ಸಂದಿಯ ಮಸಿ ಹೋಗಲಿಲ್ಲ.

“ನೀನು ಹೇಳಿದ್ದಾ ಅವರಿಗೆ?”

“ಅಮ್ಮಾ, ನಾನು ಹೇಳಿದ್ದು ಯಾಕೆ ಅಂದ್ರೆ…”

“ಜೀವಮಾನದಲ್ಲಿ ನಿಂಗೆ ಒಂದೇ ಒಂದು ಮಾತು ಹೇಳಿದ್ದೆ ಕಣೇ.” ಅಮ್ಮ ಕೂಗಲಿಲ್ಲ. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. “ಅದನ್ನ ಅವರು ಕೇಳಿದಾಗೆಲ್ಲ ನಾನು ಹೇಳಿದೆ. ಮನೇಲಿ ಒಂದು ಸಲ, ಸಮಿತಿ ಎದುರು ಒಂದು ಸಲ, ಇವತ್ತು ಒಂದು ಸಲ. ಮೂರನೇ ಸಲ ಹೇಳೋವಾಗ ಆ ಮಾತು ವಕೀಲರ ದನೀಲೇ ಕೇಳಿಸ್ತು. ಈವಾಗ ನೆನೆಸಿಕೊಂಡ್ರೂ ಅದೇ ದನಿ. ನಂದು ಎಲ್ಲಿ ಹೋಯ್ತೋ.”

ತಪ್ಪಾಯಿತು ಎಂಬ ಮಾತು ಮಗಳ ನಾಲಗೆಯ ತುದಿಗೆ ಬಂತು. ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ತಪ್ಪಿನ ಮೇಲೆ ಹೊದಿಸಲು ನಾಚಿಕೆಯಾಗಿ ನುಂಗಿಕೊಂಡಳು. ಆ ದಿನ ಅವಳಿಗೆ ವಕೀಲರಿಗಿಂತ ತನ್ನ ಬಾಯಿಯೇ ಹೆಚ್ಚು ಅಸಹ್ಯವಾಗಿ ಕಂಡಿತು.

ವಕೀಲರು ಹೊಸ ಹಾಳೆಯನ್ನು ಕಳಿಸಿ, ಹಳೆಯದರ ಪಕ್ಕದಲ್ಲಿ ಸೇರಿಸಬೇಕೆಂದೂ, ಹಳೆಯದನ್ನು ‘ಮೊದಲಿದ್ದ ಹಾಗೆ’ ಮಾಡಬೇಕೆಂದೂ ಚೀಟಿ ಬರೆದಿದ್ದರು. ಅವಳು ಪುಸ್ತಕವನ್ನು ಗಟ್ಟಿಯಾಗಿ ಹೊಲಿದಳು. ಹೊಸ ರಟ್ಟು, ಹೊಸ ಬೆನ್ನು, ಒಳ್ಳೆಯ ಬಟ್ಟೆ. ಕೆಲಸದಲ್ಲಿ ಕಳ್ಳತನ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಹನ್ನೊಂದು ಹೆಬ್ಬೆಟ್ಟೂ ನಿನ್ನೆ ಒತ್ತಿದಂತೆ ಕಾಣುವವರೆಗೆ ಹಳೆಯ ಹಾಳೆಯನ್ನು ಶುಚಿ ಮಾಡಿದಳು. ಹಿಂದಿನ ರಟ್ಟಿನ ಒಳಗೆ, ರಿಪೇರಿ ಮಾಡಿದವರು ಬರೆಯುವ ಪದ್ಧತಿಯಂತೆ, ಒಂದು ಚೀಟಿ ಅಂಟಿಸಿದಳು: ‘ಕೊನೆಯ ಹಾಳೆ ಆಮೇಲೆ ಸೇರಿಸಿದ್ದು, ಯಂತ್ರದ ಕಾಗದ. ಅದರಲ್ಲಿರುವ ಹನ್ನೊಂದು ಗುರುತುಗಳು ಒಂದೇ ಹೆಬ್ಬೆರಳಿನವು.’ ಕೆಳಗೆ ಸಹಿ, ತಾರೀಖು. ಹೊಸ ಹಾಳೆಯನ್ನು ಸೇರಿಸಲೇ ಇಲ್ಲ. ಮಡಚಿ ಅಮ್ಮನ ಕೈಗೆ ಕೊಟ್ಟಳು.

ಪುಸ್ತಕ ಒಯ್ಯಲು ಬಂದ ವಕೀಲರು ಚೀಟಿ ಓದಿದರು. ಉಗುರಿನಿಂದ ಕೆರೆದು ಕೆರೆದು ಕಿತ್ತರು. ಚೂರುಗಳು ಅವರ ಕೋಟಿನ ಮೇಲೆಲ್ಲ ಉದುರಿದವು.

“ಹೊಸ ಹಾಳೆ ಎಲ್ಲಿ?”

“ಅದರಲ್ಲಿರೋದು ನಮ್ಮಮ್ಮನ ಬೆರಳು. ಅವಳ ಹತ್ರಾನೇ ಇದೆ. ಬೇಕಾದ್ರೆ ಉಳಿದ ಹತ್ತು ಜನರದ್ದು ಮತ್ತೆ ಒತ್ತಿಸ್ಕೊಳ್ಳಿ. ಅಥವಾ ಒಬ್ಬನ ಹತ್ರಾನೇ ಹತ್ತು ಒತ್ತಿಸಿ, ರೂಢಿ ಇದೆಯಲ್ಲ.”

ವಕೀಲರು ದನಿ ತಗ್ಗಿಸಿದರು. “ನಿನ್ನೆ ಬೆಳಗ್ಗೆ ನನಗೂ ಕೇಳಿಸ್ತಮ್ಮಾ. ಕುಟಿಗಜ್ಜನೇ. ‘ಆ ಹಾಳೆ ಇರಲಿ, ಅದನ್ನ ಯಾರೂ ಕೆಣಕಬಾರದು’ ಅಂದ್ರು.”

“ಯಾವ ಭಾಷೇಲಿ ಸರ್? ಕೋರ್ಟಿನ ಭಾಷೇಲಾ?”

ವಕೀಲರು ಪುಸ್ತಕದ ಕೊನೆಗೆ ತಿರುವಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಇದನ್ನ ಮತ್ತೆ ಸ್ವಲ್ಪ ಮಬ್ಬು ಮಾಡೋಕಾಗಲ್ವಾ?” ಎಂದರು.

“ಮಾಡಬಹುದು. ನೂರು ವರ್ಷ ಮುತ್ತಿಡಬೇಕಾಗುತ್ತೆ.”

ನೂರ ಇಪ್ಪತ್ತನೆಯ ವರ್ಷದ ಸಭೆಯ ದಿನ ಅಮ್ಮ ಮನೆಯಿಂದ ಕದಲಲಿಲ್ಲ. ಬೈಂಡರಮ್ಮ ಹೋದಳು. ಹೋಗದಿದ್ದರೂ ನಡೆಯುತ್ತಿತ್ತು, ಆದರೆ ಕೊಳೆ ತೆಗೆದವಳು ತಾನು, ಕಂಡವರು ಏನೆನ್ನುತ್ತಾರೋ ನೋಡಬೇಕೆನ್ನಿಸಿತು. ಪುಸ್ತಕದ ಕೊನೆಯ ಹಾಳೆ ತೆರೆದಿಟ್ಟ ಗಾಜಿನ ಪೆಟ್ಟಿಗೆಯ ಸುತ್ತ ದೀಪಗಳನ್ನು ಕಮ್ಮಿ ಮಾಡಿಸಿದ್ದರು. ಜನ ಸಾಲಾಗಿ ಬಂದು ಬಗ್ಗಿ ಗಾಜಿಗೆ ಮುತ್ತಿಡುತ್ತಿದ್ದರು. ಸ್ವಯಂಸೇವಕನೊಬ್ಬ ಪ್ರತಿಯೊಬ್ಬರ ನಂತರವೂ ಗಾಜನ್ನು ಒರೆಸುತ್ತಿದ್ದ, ಒಂದೇ ಬಟ್ಟೆಯಲ್ಲಿ. ಬಟ್ಟೆ ಜಿಡ್ಡಿನಿಂದ ಹೊಳೆಯುತ್ತಿತ್ತು.

ಕನ್ನಡಕದಂಗಡಿಯವನ ಸರದಿ ಬಂದಾಗ ಅವನು ಬಗ್ಗಿದವನು ಏಳಲಿಲ್ಲ. ಜೇಬಿನಿಂದ ಮಸೂರ ತೆಗೆದ. ಬೆರಳು ಮಡಚುತ್ತ ಎಣಿಸಿದ. “ಅಲ್ಲ, ಇದೇನಿದು? ಹನ್ನೊಂದರಲ್ಲೂ ಅದೇ ಗಾಯ ಇದೆಯಲ್ಲ!”

ಸಾಲು ನಿಂತಿತು. ಈಗ, ಎಂದುಕೊಂಡಳು ಬೈಂಡರಮ್ಮ. ಬೇರೆಯವನ ಕಣ್ಣಿಗೂ ಬಿತ್ತು, ಇನ್ನು ಮುಚ್ಚಲಾಗದು. ಜನರ ನಡುವೆ ನುಗ್ಗಿ, “ಒಬ್ಬನೇ ಒತ್ತಿದ್ದು! ಹಾಳೆ ಆಮೇಲೆ ಅಂಟಿಸಿದ್ದು, ನಾನೇ ನೋಡಿದೀನಿ!” ಎಂದು ಕೂಗಿದಳು.

ಸಾವಿನ ಮನೆಯಲ್ಲಿ ತೇಗಿದವಳನ್ನು ನೋಡುವಂತೆ ಎಲ್ಲರೂ ಅವಳನ್ನು ನೋಡಿದರು.

ವಕೀಲರು ಮೈಕು ತೆಗೆದುಕೊಂಡರು. ಒಂದು ಕ್ಷಣ ಅವರ ಮುಖ ಖಾಲಿಯಾಗಿತ್ತು; ಆ ಕ್ಷಣವನ್ನು ಅವಳು ಸರಿಯಾಗಿ ನೋಡಿದಳು. ಆಮೇಲೆ ಅವರ ಕಣ್ಣು ತುಂಬಿತು. “ಬಂಧುಗಳೇ,” ಎಂದರು ನಡುಗುವ ದನಿಯಲ್ಲಿ, “ನೂರ ಇಪ್ಪತ್ತು ವರ್ಷ ಈ ಗುರುತು ನಮ್ಮಿಂದ ಮರೆಯಾಗಿತ್ತು. ಇವತ್ತು ತೆರೆದಿದೆ. ಬಂಡೆ ಎದ್ದಾಗ ಕುಟಿಗಜ್ಜನ ಬೆರಳಿಗಾದ ಗಾಯ, ಅದನ್ನ ನೋಡಿದ ಹನ್ನೊಂದು ಜನರ ಬೆರಳಿಗೂ ಇಳೀತು! ಹನ್ನೊಂದು ಜೀವ, ಒಂದೇ ಹೆಬ್ಬೆಟ್ಟು!”

ಮೊದಲು ಯಾರೋ ಬಿಕ್ಕಿದರು. ಆಮೇಲೆ ಇಡೀ ಸಭೆ ಅಳತೊಡಗಿತು. ಕುಟಿಗಜ್ಜನ ಬೆರಳಿಗೆ ಗಾಯವಾಗಿತ್ತೆಂದು ಆವರೆಗೆ ಯಾರೂ ಕೇಳಿರಲಿಲ್ಲ. ಐದು ನಿಮಿಷದಲ್ಲಿ ಅದು ಎಲ್ಲರಿಗೂ ಅಜ್ಜಿ ಹೇಳಿದ ಕಥೆಯಾಗಿತ್ತು. ಕನ್ನಡಕದಂಗಡಿಯವನು ಮಸೂರವನ್ನು ಜೇಬಿಗಿಳಿಸಿ ಬೈಂಡರಮ್ಮನ ಕಡೆ ನೋಡದೆ, “ಇರಬಹುದಲ್ವಾ? ದೇವರಿಗೆ ಯಾವುದು ಕಷ್ಟ?” ಎಂದು ಗೊಣಗಿ, ಗಾಜಿಗೆ ತುಟಿ ಒತ್ತಿದ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಬೈಂಡರಮ್ಮನ ಕೆನ್ನೆ ಸವರಿ, “ಕೊಳೆ ತೆಗೆದು ಪವಾಡ ತೋರಿಸಿದವಳು ನೀನೇ ಅಂತೆ. ಪುಣ್ಯವಂತೆ ಕಣಮ್ಮಾ,” ಎಂದಳು. ಅವಳ ಬೆರಳು ಒದ್ದೆಯಾಗಿತ್ತು.

ಬೈಂಡರಮ್ಮ ಹೊರಗೆ ಬಂದು ಚರಂಡಿಯ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಮನೆಗೆ ನಡೆದಳು.

ಅಮ್ಮ ಅಡುಗೆಮನೆಯ ಮೇಜಿನ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಬೆರಳಿನ ಮಸಿ ಉಜ್ಜಿದ ಆ ದಿನದಿಂದ ಇಬ್ಬರ ನಡುವೆ ತೀರಾ ಅಗತ್ಯವಿದ್ದಷ್ಟೇ ಮಾತು. ಬೈಂಡರಮ್ಮ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು: ಹಾಳೆಯ ಸಂಗತಿ, ಚೀಟಿ, ಗಾಯ, ಪವಾಡ. ಅಮ್ಮ ಕಲ್ಲು ಹೆಕ್ಕುತ್ತಲೇ ಕೇಳಿದಳು.

“ಎಲ್ಲರೂ ಒಪ್ಪಿದ್ರಾ?”

“ಎಲ್ಲರೂ. ಅತ್ತು ಒಪ್ಪಿದ್ರು.”

ಅಮ್ಮನ ಕೈ ನಿಂತಿತು. “ನಂದೂ ಹಾಗೇ ಇರಬಹುದಾ? ನಂಗೆ ಅವತ್ತು ಕೇಳಿಸಿದ್ದು. ಕೂತ್ಕೋಬೇಕು ಅಂತ ನಂಗೇ ಅನ್ನಿಸಿ, ನಾನೇ ಹೇಳ್ಕೊಂಡಿದ್ದಾ?”

ಇಲ್ಲಮ್ಮಾ ಎನ್ನಲು ಬೈಂಡರಮ್ಮನ ಬಾಯಿ ತೆರೆಯಿತು. ಅಂದಿದ್ದರೆ ಅಮ್ಮನಿಗೆ ಸಮಾಧಾನವಾಗುತ್ತಿತ್ತು. ಆದರೆ ಅದಕ್ಕೆ ಅವಳ ಹತ್ತಿರ ಕಾಗದವೂ ಇರಲಿಲ್ಲ, ಅಂದು ಕೇಳಿದ ಕಿವಿಯೂ ಇರಲಿಲ್ಲ. ಸಮಾಧಾನಕ್ಕೆಂದು ಒತ್ತಿದ ಗುರುತು ಎಂಥದೆಂದು ಅವಳು ಆಗತಾನೇ ನೋಡಿ ಬಂದಿದ್ದಳು.

“ನಂಗೆ ಗೊತ್ತಿಲ್ಲಮ್ಮಾ. ನಾನು ಅಲ್ಲಿರಲಿಲ್ಲ.”

ಅಮ್ಮ ಅಕ್ಕಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. “ಹ್ಞೂ. ನಾನು ಇದ್ದೆ,” ಎಂದಳು.

ಮತ್ತೆ ಅವರಿಬ್ಬರೂ ಪ್ರಾರ್ಥನಾ ಮನೆಗೆ ಹೋಗಲಿಲ್ಲ. ಎರಡು ವಾರದ ಮೇಲೆ ಸಮಿತಿಯವನೊಬ್ಬ ಬಂದು, ಅಮ್ಮನ ಹೆಬ್ಬೆಟ್ಟಿನ ಹಾಳೆ ಕೊಡಬೇಕೆಂದೂ, ದೂರದೂರದಿಂದ ಜನ ಅವಳ ಬಾಯಿಂದಲೇ ಆ ಮಾತು ಕೇಳಲು ಬರುತ್ತಿದ್ದಾರೆಂದೂ ಹೇಳಿದ. ಹಾಳೆಯನ್ನು ನೀರಿಗೆ ಹಾಕಿ ಹಿಂಡಿ ಎಸೆದೆ ಎಂದಳು ಅಮ್ಮ. “ಆ ಮಾತನ್ನ ನಿಮ್ಮ ವಕೀಲರ ಬಾಯಿಂದಲೇ ಕೇಳಪ್ಪಾ. ಈವಾಗ ಅದು ಅವರದ್ದೇ.” ಅವನು ಇನ್ನೂ ಏನೋ ಹೇಳುತ್ತಿರುವಾಗಲೇ ಬಾಗಿಲು ಹಾಕಿಕೊಂಡಳು.